ಕಿವಿ ಕಂಡರೆ ನೂರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಗಾಡಿಯೊಂದು ಬಿಟ್ಟರೆ ಬೀದಿ ಖಾಲಿ. ಔಷಧಿ ಅಂಗಡಿಗೆ ಅಂಟಿಕೊಂಡಿರುವ ಸಣ್ಣ ಮಳಿಗೆಯ ಶಟರನ್ನು ಅಕ್ಕ ಎರಡೂ ಕೈಯಿಂದ ಎತ್ತುತ್ತಾರೆ. ಅದು ಅರ್ಧಕ್ಕೆ ಬಂದು ಮೊಂಡು ಹಿಡಿಯುತ್ತದೆ. ಭುಜ ಕೊಟ್ಟು ಒಮ್ಮೆ ನೂಕಿದರೆ ಉಳಿದದ್ದು ತಾನಾಗಿ ಮೇಲೆ ಹೋಗುತ್ತದೆ. ದೀಪ ಹಾಕುತ್ತಾರೆ. ತಿರುಗುವ ಕುರ್ಚಿ ಒಂದು, ಕಾಯುವವರಿಗೆ ಬೆಂಚು ಒಂದು, ಗೋಡೆಯ ಉದ್ದಕ್ಕೂ ಕನ್ನಡಿ ಒಂದು. ಅಷ್ಟೇ ಅಂಗಡಿ. ಅಕ್ಕ ತೋಳು ಮಡಿಸಿ, ಮಂಡಿಯೂರಿ, ಒದ್ದೆ ಬಟ್ಟೆಯನ್ನು ಕುರ್ಚಿಯ ಬುಡಕ್ಕೆ ತೂರಿಸುತ್ತಾರೆ.

ನಿನ್ನೆ ಸಂಜೆ ಗುಡಿಸಿದ ನೆಲವೇ ಇದು. ಆದರೂ ಬಟ್ಟೆಗೆ ಒಂದು ಹಿಡಿ ಕೂದಲು ಅಂಟಿಕೊಂಡು ಬರುತ್ತದೆ. "ಕೂದಲಿನಂಥ ಕಳ್ಳ ಇನ್ನೊಂದಿಲ್ಲ. ಸಂಜೆ ಬಚ್ಚಿಟ್ಕೊಳ್ಳುತ್ತೆ, ಬೆಳಗಾದ್ರೆ ಏನೂ ಗೊತ್ತಿಲ್ಲದ ಹಾಗೆ ನಡುವೆ ಬಂದು ಕೂತಿರುತ್ತೆ" ಎನ್ನುತ್ತಾರೆ. ಆ ಹಿಡಿಯನ್ನು ಹಿಂಡಿ ಬಾಗಿಲ ಹಿಂದಿನ ಮೂಟೆಗೆ ಹಾಕುತ್ತಾರೆ. ಹಾಕುವ ಮುಂಚೆ ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ಮೂರು ತಿಂಗಳ ಹಿಂದೆ ಅವರಿಗೆ ಈ ಅಭ್ಯಾಸ ಇರಲಿಲ್ಲ.

ಇದೊಂದು ಕ್ಷೌರದ ಅಂಗಡಿ. ಕತ್ತರಿ ಹಿಡಿಯುವವರು ಅಕ್ಕನ ಗಂಡ. ಬರುವವರೆಲ್ಲ ಇವರನ್ನು ಅಕ್ಕ ಎಂದು ಕರೆಯುವುದರಿಂದ ಅವರು ಎಲ್ಲರಿಗೂ ಭಾವ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಭಾವ ಎಂದೇ ಕರೆಯುತ್ತಾರೆ. ಕುರ್ಚಿಯಿಂದ ಏಳುವವರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ, ಆಮೇಲೆ ಭಾವನ ಕಡೆ ನೋಡಿ ತಲೆಯಾಡಿಸುತ್ತಾರೆ. ಅವರ ಕುತ್ತಿಗೆಗೆ ಕಟ್ಟಿದ ಬಟ್ಟೆ ಯಾರು ಒಗೆದದ್ದು, ಬಾಚಣಿಗೆಯ ಹಲ್ಲುಗಳ ನಡುವೆ ಕೊಳೆ ಯಾಕಿಲ್ಲ, ಹಿಂದಿನವರ ಕೂದಲು ಎಲ್ಲಿಗೆ ಹೋಯಿತು ಎಂದು ಯಾರೂ ಯೋಚಿಸಿದವರಲ್ಲ. ಯೋಚಿಸಬೇಕೆಂದು ಅಕ್ಕನಿಗೂ ಅನ್ನಿಸಿಲ್ಲ.

ಆದರೆ ಇವತ್ತು ಈ ಅಂಗಡಿಯ ಶಟರು ಎಂದಿನಂತೆ ಏಳುವುದಕ್ಕೆ ಕಾರಣ ಅಕ್ಕ. ನಾಳೆಯೂ ಏಳುತ್ತದೆಯೇ ಎಂಬುದು ಮಧ್ಯಾಹ್ನ ಗೊತ್ತಾಗಲಿದೆ.

ಮಾಲೀಕರು ಮೇಲಿನ ಮನೆಯಲ್ಲೇ ಇರುತ್ತಾರೆ. ಅಕ್ಕ ಅವರನ್ನು ಮಹಡಿಯವರು ಎನ್ನುತ್ತಾರೆ. ಕೆಟ್ಟವರೇನಲ್ಲ. ತಮ್ಮ ಮಗಳ ಹೆರಿಗೆಗೆಂದು ಆಸ್ಪತ್ರೆಗೆ ಓಡಾಡಿ ಬಂದ ವಾರ ಕೆಳಗಿಳಿದು ಬಂದು, ಬಾಡಿಗೆ ಕಾಲುಭಾಗ ಹೆಚ್ಚಿಸಬೇಕಾಗಿದೆ ಎಂದರು. ಪಕ್ಕದ ಔಷಧಿ ಅಂಗಡಿಯವರು ನಡುವಿನ ಗೋಡೆ ಒಡೆದು ಈ ಮಳಿಗೆಯನ್ನೂ ಸೇರಿಸಿಕೊಳ್ಳಲು ಸಿದ್ಧರಿದ್ದಾರೆ, ಕೇಳಿದಷ್ಟು ಕೊಡುತ್ತಾರೆ ಎಂದೂ ಹೇಳಿದರು. ಹಳೆಯ ಪರಿಚಯಕ್ಕೆಂದು ಮೂರು ತಿಂಗಳು ನೋಡುತ್ತೇನೆ, ಒಂದು ತಿಂಗಳು ತಪ್ಪಿದರೂ ಅವರಿಗೆ ಮಾತು ಕೊಟ್ಟುಬಿಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿದರು. ಮೊದಲ ಎರಡು ತಿಂಗಳ ಹೊಸ ಬಾಡಿಗೆ ಹೇಗೋ ಹೋಯಿತು. ಒಂದಕ್ಕೆ ಅಕ್ಕನ ಬಳೆ, ಇನ್ನೊಂದಕ್ಕೆ ಭಾವನ ಹಳೆಯ ಸ್ಕೂಟರು. ಮೂರನೆಯದು ಇವತ್ತು.

ಅಂಗಡಿ ಹೋದರೆ ಕುರ್ಚಿಯನ್ನು ಹೊತ್ತುಕೊಂಡು ಹೋಗಬಹುದು. ಬೆಂಚನ್ನೂ ಒಯ್ಯಬಹುದು. ಕನ್ನಡಿ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿ ತೆರೆದಾಗ ಗಾರೆಯಲ್ಲೇ ಕೂರಿಸಿದ ಕನ್ನಡಿ ಅದು. ಕಿತ್ತರೆ ಚೂರು. ಅಕ್ಕನಿಗೆ ಅದೇ ಚಿಂತೆ.

ಯಾಕೆಂದರೆ ಗಂಡ ಹೆಂಡತಿಯ ಮಾತುಕತೆ ನಡೆಯುವುದು ಆ ಕನ್ನಡಿಯಲ್ಲಿ. ಭಾವ ದಿನವಿಡೀ ಬಾಗಿಲಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಅಕ್ಕ ಅವರ ಹಿಂದೆ ಓಡಾಡುತ್ತಿರುತ್ತಾರೆ. ಬಿಸಿನೀರು ಬೇಕಾದರೆ ಭಾವ ಕನ್ನಡಿಯಲ್ಲಿ ಹುಬ್ಬು ಎತ್ತುತ್ತಾರೆ. ಬೆಂಚಿನಲ್ಲಿ ಕೂತವರಿಗೆ ಅವಸರವಿದ್ದರೆ ಅಕ್ಕ ಕನ್ನಡಿಯಲ್ಲಿ ಕಣ್ಣು ಹೊರಳಿಸುತ್ತಾರೆ. ಅವರಿಬ್ಬರ ನಡುವೆ ಯಾವಾಗಲೂ ಒಬ್ಬ ಅಪರಿಚಿತನ ತಲೆ ಇರುತ್ತದೆ.

ಅಕ್ಕನ ಕೆಲಸದಲ್ಲಿ ಮೈಗೆ ಆಗುವ ಕಷ್ಟ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಗಿಡ್ಡ ಕೂದಲಿನ ತುಣುಕು ಸೂಜಿಯಂತೆ. ಚಪ್ಪಲಿಯ ಸಂದಿಯಲ್ಲಿ ನುಗ್ಗಿ ಅಂಗಾಲಿಗೆ ಚುಚ್ಚಿಕೊಂಡರೆ ಮುಳ್ಳಿಗಿಂತ ಹೆಚ್ಚು ಕಾಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲು ಊರಿದಾಗ ಮಾತ್ರ ಗೊತ್ತಾಗುತ್ತದೆ. ಸಂಜೆ ಶಟರು ಇಳಿಸಿದ ಮೇಲೆ ಅಕ್ಕ ಬೆಂಚಿನ ಮೇಲೆ ಕೂತು ಕಾಲು ಚಾಚುತ್ತಾರೆ. ಭಾವ ಕನ್ನಡಕ ಹಾಕಿಕೊಂಡು ಚಿಮುಟದಿಂದ ಒಂದೊಂದೇ ತೆಗೆಯುತ್ತಾರೆ. "ಇಡೀ ಊರಿನ ತಲೆ ನಿನ್ನ ಕಾಲಲ್ಲಿದೆ ಕಣೇ" ಎಂದು ಭಾವ ಹೇಳುವ ತಮಾಷೆ ಇಬ್ಬರಿಗೂ ಹಳತಾಗಿದೆ. ಆದರೂ ಹೇಳುತ್ತಾರೆ, ಇವರೂ ನಗುತ್ತಾರೆ.

ಗುಡಿಸಿದ ಕೂದಲು ತಿಂಗಳಿಗೊಂದು ಮೂಟೆ ಆಗುತ್ತದೆ. ಗಿಡ ಬೆಳೆಸಿ ಮಾರುವ ಒಬ್ಬ ಅದನ್ನು ಗೊಬ್ಬರಕ್ಕೆ ಒಯ್ಯುತ್ತಾನೆ. ಬದಲಿಗೆ ಒಂದು ಕುಂಡವನ್ನೋ ಸಸಿಯನ್ನೋ ಇಟ್ಟುಹೋಗುತ್ತಾನೆ. ಬಾಗಿಲ ಬಳಿ ಸಾಲಾಗಿರುವ ಹಸಿರೆಲ್ಲ ಹೀಗೆ ಬಂದದ್ದು. ಅಕ್ಕ ವ್ಯಾಪಾರ ಹೇಗಿದೆ ಎಂದು ತಿಳಿಯುತ್ತಿದ್ದದ್ದು ಈ ಮೂಟೆಯಿಂದಲೇ. ಗಲ್ಲಾ ಪೆಟ್ಟಿಗೆ ಭಾವನದು, ಮೂಟೆ ಇವರದು. ಬೇಸಿಗೆ ರಜೆಯಲ್ಲಿ ಮೂಟೆ ಬೇಗ ತುಂಬುತ್ತದೆ, ಚಳಿಯಲ್ಲಿ ತಡ. ಮೂಟೆಯ ಕತ್ತು ಕಟ್ಟುವಾಗ ಕೈಗೆ ಸಿಗುವ ಬಿಗಿಯಲ್ಲೇ ಆ ತಿಂಗಳು ಹೇಗೆ ಹೋಯಿತೆಂದು ಹೇಳಿಬಿಡುತ್ತಿದ್ದರು. ಅಷ್ಟು ವರ್ಷ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಈ ವರ್ಷ.

ಬಾಡಿಗೆ ಏರಿದ ಮೇಲೆ ದರ ಏರಿಸೋಣ ಎಂದವರು ಅಕ್ಕ. ನೂರಿದ್ದ ಕ್ಷೌರ ನೂರ ಮೂವತ್ತಾಗಲಿ ಎಂದರು. ಭಾವನಿಗೆ ಹಳೆಯ ಪೆಟ್ಟು ನೆನಪಿತ್ತು. ಕೆಲವು ವರ್ಷಗಳ ಹಿಂದೆ ಗಡ್ಡದ ದರ ಸ್ವಲ್ಪ ಏರಿಸಿದ್ದರು. ಜನ ಮಾತಾಡದೆ ಹೋಗಿ ಒಂದೊಂದು ರೇಜರು ಕೊಂಡರು. ದರ ಇಳಿಸಿದ ಮೇಲೂ ಅವರು ವಾಪಸು ಬರಲಿಲ್ಲ. ಮನೆಯಲ್ಲೇ ಮಾಡಿಕೊಳ್ಳುವುದು ಕೈಗೆ ಕೂತುಬಿಟ್ಟಿತ್ತು.

"ಗಡ್ಡ ಬೇರೆ, ತಲೆ ಬೇರೆ" ಎಂದರು ಅಕ್ಕ. "ಗಡ್ಡ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ತನ್ನ ಹಿಂದಲೆ ತಾನೇ ಕತ್ತರಿಸ್ಕೊಂಡವನು ಯಾರಿದಾನೆ? ಬಂದೇ ಬರ್ತಾರೆ ನೋಡಿ."

ಮಾತಿನಲ್ಲಿ ಹುರುಳಿತ್ತು. ಭಾವ ಒಪ್ಪಿದರು. ಬೋರ್ಡಿನಲ್ಲಿ ಹೊಸ ಅಂಕಿ ಬಂತು.

ಅಕ್ಕ ಅಂದಂತೆಯೇ ಆಯಿತು. ಯಾರೂ ಬಿಟ್ಟುಹೋಗಲಿಲ್ಲ. ಅದೇ ಮುಖಗಳು, ಅದೇ ಹರಟೆ. ತಿಂಗಳ ಕೊನೆಗೆ ಮೂಟೆ ಎಂದಿನಷ್ಟೇ ಬಿಗಿಯಾಗಿ ತುಂಬಿತು. ಭಾವನ ಮಣಿಕಟ್ಟು ಎಂದಿಗಿಂತ ಹೆಚ್ಚು ನೋಯುತ್ತಿತ್ತು, ಕತ್ತರಿ ಬೇಗ ಮೊಂಡಾಗುತ್ತಿತ್ತು. ಕೆಲಸ ಜೋರಾಗಿದೆ ಎನ್ನುವುದಕ್ಕೆ ಇನ್ನೇನು ಬೇಕು? ಆದರೆ ಗಲ್ಲಾ ಪೆಟ್ಟಿಗೆಯಲ್ಲಿ ಹಣ ಮೊದಲಿಗಿಂತ ಕಡಿಮೆ ಇತ್ತು. ಸ್ವಲ್ಪವಲ್ಲ, ಎದ್ದು ಕಾಣುವಷ್ಟು ಕಡಿಮೆ.

ತುಂಬಿದ ಮೂಟೆ, ಖಾಲಿ ಪೆಟ್ಟಿಗೆ. ನಡುವೆ ಕತ್ತರಿ ಹಿಡಿದು ನಿಂತವರು ಒಬ್ಬರೇ. ಅಕ್ಕನ ಅನುಮಾನ ಅವರ ಮೇಲೆ ಹೋಯಿತು. ಭಾವ ಕದಿಯುವವರಲ್ಲ, ಅದು ಅಕ್ಕನಿಗೆ ಗೊತ್ತು. ಆದರೆ ಕರಗುವವರು. ಕೆಲಸ ಹುಡುಕಿ ಹೊರಟ ಹುಡುಗರು ಸಂದರ್ಶನಕ್ಕೆ ಹೋಗಬೇಕು ಎಂದರೆ, ಕೆಲಸ ಸಿಕ್ಕಿದ ಮೇಲೆ ಕೊಡು ಎಂದು ಕಳಿಸಿದ್ದು ಎಷ್ಟೋ ಸಲ.

"ಯಾರ್ಯಾರಿಗೆ ಧರ್ಮಕ್ಕೆ ಕತ್ತರಿಸಿ ಕಳಿಸ್ತಿದೀರಿ, ಹೇಳಿಬಿಡಿ" ಎಂದು ಕೇಳಿದರು.

"ಯಾರಿಗೂ ಇಲ್ಲ ಕಣೇ."

"ಹಾಗಾದ್ರೆ ಮೂಟೆ ಸುಳ್ಳು ಹೇಳುತ್ತಾ?"

ಭಾವ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಅದನ್ನೇ ಅಕ್ಕ ಒಪ್ಪಿಗೆ ಎಂದುಕೊಂಡರು. ಅಂದಿನಿಂದ ಸಂಜೆ ಇವರು ಕಾಲು ಚಾಚಲಿಲ್ಲ, ಅವರು ಚಿಮುಟ ತೆಗೆಯಲಿಲ್ಲ. ಅಕ್ಕ ಕುಂಟುತ್ತಲೇ ಗುಡಿಸಿದರು. ಕನ್ನಡಿಯಲ್ಲಿ ಭಾವ ಹುಬ್ಬೆತ್ತಿದರೆ ಬಿಸಿನೀರು ಬರುತ್ತಿತ್ತು, ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಭಾವನ ತಲೆಯನ್ನು ಕತ್ತರಿಸುತ್ತಿದ್ದವರೂ ಅಕ್ಕನೇ, ಮದುವೆಯಾದಾಗಿನಿಂದ. ಆ ತಿಂಗಳು ಅದೂ ಆಗಲಿಲ್ಲ. ಕ್ಷೌರದವನ ತಲೆಯೇ ಕಾಡಾಗಿದೆ ಎಂದು ಬೆಂಚಿನವರು ನಕ್ಕರು. ಭಾವನೂ ನಕ್ಕರು.

ಗಂಟು ಬಿಡಿಸಿದವನು ಗಿಡದವನು. ಎರಡನೆಯ ತಿಂಗಳ ಮೂಟೆ ಒಯ್ಯಲು ಬಂದು, ಕತ್ತು ಬಿಚ್ಚಿ, ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದ.

"ಏನಕ್ಕಾ, ಈಗ ಹೆಂಗಸರಿಗೂ ಕತ್ತರಿಸೋಕೆ ಶುರು ಮಾಡಿದೀರಾ?"

"ಯಾಕಪ್ಪಾ?"

"ಇಷ್ಟುದ್ದ ಇದೆಯಲ್ಲ. ಮಣ್ಣಲ್ಲಿ ಕರಗೋಕೆ ವರ್ಷ ಬೇಕು ಇದಕ್ಕೆ. ಮೊದಲು ಪುಡಿಪುಡಿ ಇರ್ತಿತ್ತು, ಹಿಟ್ಟಿನ ಹಾಗೆ."

ಅಕ್ಕ ಅವನ ಕೈಯಿಂದ ಹಿಡಿಯನ್ನು ಇಸಕೊಂಡರು. ಒಂದೊಂದು ಎಳೆಯೂ ಬೆರಳಿನ ಗೆಣ್ಣಿನಷ್ಟು ಉದ್ದ. ಮೂಟೆಯ ತಳದವರೆಗೂ ಕೈ ಹಾಕಿ ನೋಡಿದರು. ಎಲ್ಲ ಅಂಥದ್ದೇ. ದಿನವೂ ತಾವೇ ಗುಡಿಸಿದ ಕೂದಲು. ರಾಶಿ ನೋಡಿದ್ದರು, ಎಳೆ ನೋಡಿರಲಿಲ್ಲ.

ಜನ ಬಿಟ್ಟುಹೋಗಿರಲಿಲ್ಲ. ತಡವಾಗಿ ಬರುತ್ತಿದ್ದರು. ತಿಂಗಳಿಗೊಮ್ಮೆ ಬರುತ್ತಿದ್ದವರು ಇನ್ನೂ ಹದಿನೈದು ದಿನ ತಳ್ಳುತ್ತಿದ್ದರು. ಕೂದಲು ಮಾತ್ರ ಯಾರ ದರಕ್ಕೂ ಕಾಯದೆ ತನ್ನ ಪಾಡಿಗೆ ಬೆಳೆಯುತ್ತಿತ್ತು. ಮೂರು ಸಲಕ್ಕೆ ಬೀಳಬೇಕಾದ ಕೂದಲು ಎರಡೇ ಸಲಕ್ಕೆ ಬೀಳುತ್ತಿತ್ತು. ಮೂಟೆ ತುಂಬುತ್ತಿತ್ತು, ಕೈ ಸೋಲುತ್ತಿತ್ತು, ಪೆಟ್ಟಿಗೆಗೆ ಮಾತ್ರ ಎರಡೇ ಕ್ಷೌರದ ದುಡ್ಡು ಬೀಳುತ್ತಿತ್ತು.

ಗಿಡದವನು ಆ ದಿನ ಒಂದು ಕುಂಡ ಇಟ್ಟುಹೋದ. ಅಕ್ಕ ಒಳಗೆ ಹೋದರು. ಕುರ್ಚಿಯಲ್ಲಿ ಯಾರೋ ಇದ್ದರು. ಕನ್ನಡಿಯಲ್ಲಿ ಗಂಡನನ್ನು ನೋಡಿ, "ಮೂಟೆ ಸುಳ್ಳು ಹೇಳಿಲ್ಲ. ನಾನೇ ಸರಿಯಾಗಿ ನೋಡಿಲ್ಲ" ಎಂದರು. ಭಾವ ಹ್ಞೂಂ ಎಂದರು. ಕತ್ತರಿ ನಿಲ್ಲಲಿಲ್ಲ. ಸಂಜೆ ಶಟರು ಇಳಿದ ಮೇಲೆ ಚಿಮುಟ ಹೊರಗೆ ಬಂತು.

ಅರ್ಥಶಾಸ್ತ್ರದ ಮೊದಲ ಪಾಠದಲ್ಲಿ ಒಂದು ಮಾತು ಬರುತ್ತದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎನ್ನುವುದು ಎರಡನೆಯ ಪಾಠ. ಉಪ್ಪಿನ ಬೆಲೆ ಏರಿತೆಂದು ಯಾರೂ ಸಪ್ಪೆ ಉಣ್ಣುವುದಿಲ್ಲ. ಸಿನಿಮಾ ಟಿಕೆಟು ದುಬಾರಿಯಾದರೆ ಮನೆಯಲ್ಲೇ ಕೂರುತ್ತಾರೆ. ಬೆಲೆ ಏರಿಳಿದಾಗ ಬೇಡಿಕೆ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಪುಸ್ತಕಗಳು ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂಬ ಉದ್ದನೆಯ ಹೆಸರಿಟ್ಟಿವೆ. ಗಡ್ಡಕ್ಕೆ ರೇಜರು ಎಂಬ ಬದಲಿ ಇತ್ತು. ತಲೆಗೆ ಬದಲಿ ಇಲ್ಲ ಎಂದು ಅಕ್ಕ ಅಂದುಕೊಂಡದ್ದು ಸರಿಯೇ. ಆದರೆ ಕಾಯುವುದೂ ಒಂದು ಬದಲಿ. ಅದು ಅವರಿಗೆ ಆಗ ಹೊಳೆದಿರಲಿಲ್ಲ.

ಎಲ್ಲರಿಗೂ ಕಾಯಲು ಆಗುವುದಿಲ್ಲ ಎಂಬುದು ಅದಕ್ಕಿಂತ ತಡವಾಗಿ ಹೊಳೆಯಿತು.

ಮಾರನೆಯ ದಿನದಿಂದ ಅಕ್ಕ ಬಾಗಿಲಲ್ಲಿ ತಲೆಗಳನ್ನು ನೋಡತೊಡಗಿದರು. ವಿಮೆ ಮಾಡಿಸುವ ಒಬ್ಬರಿದ್ದಾರೆ, ಗುಂಗುರು ಕೂದಲು, ಒಳ್ಳೆಯ ಸಂಪಾದನೆ. ಅಂಗಡಿಯಲ್ಲಿ ಅವರ ಹೆಸರೇ ಗುಂಗುರು. ದರ ಏರಿದ ಮೇಲೆ ಅವರ ತಲೆ ಬುಟ್ಟಿಯಾಗಿತ್ತು. ಈಗ ಇದೇ ಫ್ಯಾಷನ್ನು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಇಂಥವರೇ ಹೆಚ್ಚು. ಆದರೆ ಕೆಲವರು ಮೊದಲಿನಷ್ಟೇ ದಿನಕ್ಕೆ, ಮೊದಲಿನಷ್ಟೇ ಗಿಡ್ಡ ಕೂದಲು ಹೊತ್ತು ಬರುತ್ತಿದ್ದರು. ದೊಡ್ಡ ಕಚೇರಿಯ ಗೇಟು ಕಾಯುವವನು. ಹೋಟೆಲಿನಲ್ಲಿ ಬಡಿಸುವ ಇಬ್ಬರು. ಶಾಲೆಯ ವಾಹನ ಓಡಿಸುವವನು.

ಗೇಟಿನವನ ಕುತ್ತಿಗೆಗೆ ಬಟ್ಟೆ ಕಟ್ಟುವಾಗ ಅಕ್ಕ ಕೇಳಿದರು. ಇನ್ನೂ ಬೆಳೆದೇ ಇಲ್ಲವಲ್ಲಪ್ಪ, ಇನ್ನೊಂದು ವಾರ ಬಿಟ್ಟು ಬರಬಹುದಿತ್ತಲ್ಲ ಎಂದು. ಅವನು ಹೇಳಿದ್ದನ್ನು ಅಕ್ಕ ಇವತ್ತಿಗೂ ಅವನ ದನಿಯಲ್ಲೇ ಹೇಳುತ್ತಾರೆ.

"ನನ್ನ ತಲೆ ನನ್ನದಲ್ಲಕ್ಕ, ಕಂಪನಿಯದ್ದು. ಸೋಮವಾರ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಕುತ್ತಿಗೆ ನೋಡ್ತಾರೆ. ಕೂದಲು ಕಾಲರ್ ಮುಟ್ಟಿದ್ರೆ ಮನೆಗೆ ಕಳಿಸ್ತಾರೆ, ಆ ದಿನದ ಕೂಲಿ ಇಲ್ಲ. ನೀವು ಇನ್ನೂರು ಮಾಡಿದ್ರೂ ನಾನು ಬರ್ಲೇಬೇಕು."

ಹಾಗಾದರೆ ಆ ಮೂವತ್ತನ್ನು ಎಲ್ಲಿಂದ ತರುತ್ತೀಯಾ ಎಂದು ಕೇಳಿದ್ದಕ್ಕೆ, ಸಂಜೆಯ ಟೀ ಬಿಟ್ಟಿದ್ದೇನೆ ಎಂದು ನಕ್ಕನಂತೆ.

ಒಂದೇ ಕ್ಷೌರ. ಗೇಟಿನವನಿಗೆ ಅದು ಉಪ್ಪು, ಗುಂಗುರಿಗೆ ಸಿನಿಮಾ. ಏರಿಸಿದ ದರವನ್ನು ಪೂರ್ತಿಯಾಗಿ ಕೊಡುತ್ತಿದ್ದವನು ಗೇಟಿನವನು. ತಿಂಗಳ ಖರ್ಚು ನೋಡಿದರೆ ಗುಂಗುರು ಮೊದಲಿಗಿಂತ ಕಡಿಮೆಯೇ ಕೊಡುತ್ತಿದ್ದರು, ಕೆಲಸ ಮಾತ್ರ ಹೆಚ್ಚು ಮಾಡಿಸಿಕೊಳ್ಳುತ್ತಿದ್ದರು.

"ನಂಗೆ ಆವತ್ತು ಊಟ ಸೇರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಎಲ್ಲರಿಗೂ ಒಂದೇ ದರ ಹಾಕಿದ್ವಿ, ನ್ಯಾಯ ಅಂದ್ಕೊಂಡಿದ್ವಿ. ಬಿದ್ದಿದ್ದು ನೋಡಿದ್ರೆ ಅವನೊಬ್ಬನ ತಲೆ ಮೇಲೆ."

ದರ ಇಳಿಸಿದರೆ ಬಾಡಿಗೆ ಹೋಗುತ್ತದೆ. ಏರಿಸಿದರೆ ಗುಂಗುರಿನಂಥವರು ಇನ್ನಷ್ಟು ತಳ್ಳುತ್ತಾರೆ, ಗೇಟಿನವನು ಇನ್ನೇನನ್ನೋ ಬಿಡುತ್ತಾನೆ. ಬಡವರಿಗೆ ಒಂದು, ಉಳ್ಳವರಿಗೆ ಒಂದು ದರ ಎಂದು ಭಾವ ಸೂಚಿಸಿದರು. ಯಾರು ಬಡವರೆಂದು ಕುರ್ಚಿಯಲ್ಲಿ ಕೂರಿಸಿ ಕೇಳುವುದು ಹೇಗೆ? ಕೇಳಿದರೆ ಬಡವನಿಗೇ ಮೊದಲು ನೋಯುತ್ತದೆ ಎಂದು ಅಕ್ಕ ಬೇಡವೆಂದರು. ಆ ವಾರವೆಲ್ಲ ಗುಡಿಸುತ್ತ ಯೋಚಿಸಿದರು. ಜೇಬನ್ನು ಕೇಳಬಾರದು, ಕೂದಲನ್ನು ಕೇಳಬಹುದು ಎಂದು ಹೊಳೆದದ್ದು ಗುಡಿಸುವಾಗಲೇ.

ಹೊಸ ಬೋರ್ಡು ಈಗ ಕನ್ನಡಿಯ ಪಕ್ಕದಲ್ಲಿದೆ. ಅಕ್ಕನೇ ಬಣ್ಣದಲ್ಲಿ ಬರೆದದ್ದು, ಅಕ್ಷರ ಸ್ವಲ್ಪ ಓರೆ.

ಕಿವಿ ಕಂಡರೆ ನೂರು. ಕಿವಿ ಮುಚ್ಚಿದರೆ ನೂರೈವತ್ತು.

ಭಾವನಿಗೆ ನಾಚಿಕೆಯಾಯಿತು. ಕಿವಿ ನೋಡಿ ಕಾಸು ಕೇಳಿದರೆ ಊರು ನಗುತ್ತದೆ ಎಂದರು. ನಗಲಿ, ನಗಲಿಕ್ಕಾದರೂ ಒಳಗೆ ಬರಲಿ ಎಂದರು ಅಕ್ಕ. ಊರು ನಿಜವಾಗಿಯೂ ನಕ್ಕಿತು. ಬೋಳುತಲೆಯ ಮೇಷ್ಟ್ರೊಬ್ಬರು ಬೋರ್ಡು ಓದಿ, ತಮಗೆ ಅಂಗಡಿಯವರೇ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಗುಂಗುರು ಮೊದಲ ಸಲ ಬಂದಾಗ ಕೂದಲನ್ನೆಲ್ಲ ಒದ್ದೆ ಮಾಡಿ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು, ತಲೆ ಅಲ್ಲಾಡಿಸದೆ ನಡೆದು ಬಂದು ಕೂತರು. ಅಕ್ಕ ಬಟ್ಟೆ ಕಟ್ಟುವ ನೆಪದಲ್ಲಿ ಒಮ್ಮೆ ಕೊಡವಿದರು. ಬುಟ್ಟಿ ಕೆಳಗಿಳಿಯಿತು. ಬೆಂಚಿನವರೆಲ್ಲ ನೋಡುತ್ತಿದ್ದರು.

"ಕಿವಿ ಎಲ್ಲೋ ಕಾಣಿಸ್ತಿಲ್ವಲ್ಲ" ಎಂದರು ಅಕ್ಕ.

"ಈಗ ತಾನೇ ಇಲ್ಲೇ ಇತ್ತಲ್ಲಕ್ಕ" ಎಂದರು ಗುಂಗುರು.

ನೂರೈವತ್ತು ಕೊಟ್ಟುಹೋದರು. ಮೂರು ವಾರ ತುಂಬುವ ಮೊದಲೇ, ಎರಡೂ ಕಿವಿ ಹೊರಗಿಟ್ಟುಕೊಂಡು ಮತ್ತೆ ಬಂದರು.

ಬಹುತೇಕ ಎಲ್ಲರೂ ಹೀಗೇ. ಬೆಲೆ ಹೆಚ್ಚಾದಾಗ ಕಾಯುವುದು ಲಾಭವಾಗಿ ಕಂಡವರಿಗೆ ಈಗ ಕಾಯುವುದೇ ನಷ್ಟ. ತಡಮಾಡಿದವರು ಹೆಚ್ಚು ಕೊಡುತ್ತಾರೆ, ಹೆಚ್ಚು ಕೆಲಸಕ್ಕೆ ಹೆಚ್ಚು ಹಣ ಎಂದರೆ ಯಾರೂ ತಕರಾರು ತೆಗೆಯುವಂತಿಲ್ಲ. ಗಿಡ್ಡ ಕೂದಲಿಗೆ ಹೊತ್ತು ಕಡಿಮೆ ಸಾಕು. ಮುಂಚೆ ಮಧ್ಯಾಹ್ನದೊಳಗೆ ಎಂಟು ತಲೆ ಮುಗಿಸಿ ಮಣಿಕಟ್ಟು ತಿರುಚಿಕೊಳ್ಳುತ್ತಿದ್ದ ಭಾವ ಈಗ ಹನ್ನೆರಡು ಮುಗಿಸುತ್ತಾರೆ. ಗೇಟಿನವನು ನೂರಕ್ಕೆ ಮರಳಿದ್ದಾನೆ. ಅವನ ಕಡೆಯ ಆರೇಳು ಕಾವಲುಗಾರರು, ದೂರವಾದರೂ ಇಲ್ಲಿಗೇ ಬರುತ್ತಿದ್ದಾರೆ. ಅವರ ಕಿವಿ ಮುಚ್ಚುವ ಮಾತೇ ಇಲ್ಲ.

ಎಲ್ಲವೂ ಹೂವೆತ್ತಿದಷ್ಟು ಸುಲಭವಾಗಲಿಲ್ಲ. ಉದ್ದ ಕೂದಲನ್ನೇ ಇಷ್ಟಪಟ್ಟು ಬಿಡುವ ಹುಡುಗರಲ್ಲಿ ಇಬ್ಬರು ಮುನಿಸಿಕೊಂಡು ಬೇರೆ ಕಡೆ ಹೋದರು. ಒಬ್ಬ ಹೆಂಗಸು, ಮಗನ ಕಿವಿಯೇ ದೊಡ್ಡದು, ಅದು ಎಂದೂ ಮುಚ್ಚುವುದಿಲ್ಲ, ನಿಮ್ಮ ಲೆಕ್ಕವೇ ಸರಿಯಿಲ್ಲ ಎಂದು ನಗೆಯಾಡಿ ಹೋದರು. ಮೂರನೆಯ ತಿಂಗಳ ನಡುವಿನವರೆಗೂ ಪೆಟ್ಟಿಗೆ ಬಾಡಿಗೆ ಮುಟ್ಟುತ್ತದೆಂದು ಭಾವನಿಗೆ ನಂಬಿಕೆ ಇರಲಿಲ್ಲ. ಬಾಡಿಗೆ ಕೊಟ್ಟ ದಿನ ನನ್ನ ತಲೆ ಕತ್ತರಿಸು, ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ ಎಂದುಬಿಟ್ಟರು. ಅಕ್ಕ ಒತ್ತಾಯಿಸಲಿಲ್ಲ. ತಾವೂ ಒಳಗೊಳಗೆ ಹೆದರಿದ್ದರು.

ಈ ಬೆಳಿಗ್ಗೆ ಅಂಗಡಿ ತುಂಬಿದೆ. ಭಾನುವಾರದ ಹಾಗೆ ಬೆಂಚಿನಲ್ಲಿ ಜಾಗವಿಲ್ಲ. ಅಕ್ಕ ಒಬ್ಬರ ಬಟ್ಟೆ ಬಿಚ್ಚಿ ಬಾಗಿಲಾಚೆ ಕೊಡವುತ್ತಾರೆ, ಇನ್ನೊಬ್ಬರಿಗೆ ಒಗೆದದ್ದು ಕಟ್ಟುತ್ತಾರೆ, ಕುತ್ತಿಗೆಗೆ ಪುಡಿ ಹಾಕುತ್ತಾರೆ, ಬಾಚಣಿಗೆಯನ್ನು ಬಿಸಿನೀರಿಗೆ ಅದ್ದುತ್ತಾರೆ. ಗುಡಿಸುತ್ತಾರೆ. ಮತ್ತೆ ಗುಡಿಸುತ್ತಾರೆ. ಬಂದವರ ಕಿವಿಯ ಕಡೆ ಒಮ್ಮೆ ನೋಡಿ ಬೆರಳಲ್ಲಿ ಭಾವನಿಗೆ ಸನ್ನೆ ಮಾಡುತ್ತಾರೆ. ಒಂದು ಬೆರಳು ನೂರು, ಮಡಿಸಿದ ಬೆರಳು ನೂರೈವತ್ತು. ಎಲ್ಲ ಕನ್ನಡಿಯಲ್ಲೇ.

ಮಧ್ಯಾಹ್ನ ಬೆಂಚು ಖಾಲಿಯಾದ ಹೊತ್ತಿಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಮಹಡಿಯವರು ಇಳಿದು ಬರುತ್ತಾರೆ. ಕೈಯಲ್ಲಿ ಮೊಮ್ಮಗು. ಔಷಧಿ ಅಂಗಡಿಯವನು ಬೆಳಿಗ್ಗೆಯೇ ಫೋನು ಮಾಡಿದ್ದ, ಏನು ಹೇಳಲಿ ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ. ದನಿಯಲ್ಲಿ ಮುಜುಗರವಿದೆ. ಭಾವ ಪೆಟ್ಟಿಗೆ ತೆರೆದು, ಹಣ ತೆಗೆದು, ಅಕ್ಕನ ಕೈಗೆ ಕೊಡುತ್ತಾರೆ. ನೀನೇ ಕೊಡು ಎಂಬಂತೆ. ಅಕ್ಕ ಕೈ ಒರೆಸಿಕೊಂಡು ಕೊಡುತ್ತಾರೆ. ಮಹಡಿಯವರು ಒಂದು ಕೈಯಲ್ಲಿ ಮಗುವನ್ನು ಹಿಡಿದೇ ಎಣಿಸುತ್ತಾರೆ. 

"ಸರಿಯಿದೆ" ಎನ್ನುತ್ತಾರೆ. "ಅವನಿಗೆ ಹೇಳ್ತೀನಿ ಬಿಡಮ್ಮ. ಗೋಡೆ ಗೋಡೆಯಾಗೇ ಇರ್ಲಿ."

ಹೊರಡುವ ಮುಂಚೆ ಬೋರ್ಡು ನೋಡುತ್ತಾರೆ. ಕೈ ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ. ಕಿವಿ ಮುಚ್ಚಿ ಬಹಳ ದಿನವಾಗಿದೆ. ನಾಳೆ ಬರುತ್ತೇನೆ ಎನ್ನುತ್ತಾರೆ. ಎಂದು ಬಂದರೂ ನೂರೈವತ್ತೇ, ಇನ್ನು ನೂರಕ್ಕೆ ಇಳಿಯುವುದಿಲ್ಲ ಎನ್ನುತ್ತಾರೆ ಅಕ್ಕ. ಮಹಡಿಯವರು ನಗುತ್ತ ಮೆಟ್ಟಿಲು ಹತ್ತುತ್ತಾರೆ.

ಅಕ್ಕ ಬೆಳಿಗ್ಗೆಯಿಂದ ಗುಡಿಸಿದ ಕೂದಲನ್ನು ಮೂಟೆಗೆ ಸುರಿಯುತ್ತಾರೆ. ಒಂದು ಚಿಟಿಕೆಯನ್ನು ಬೆರಳಲ್ಲಿ ಉಜ್ಜುತ್ತಾರೆ. ಪುಡಿ. ಮೂಟೆ ಮೊದಲಿನಷ್ಟೇ ತುಂಬುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈಗ ಅವರು ತೂಕ ನೋಡುವುದಿಲ್ಲ. ಎಳೆ ನೋಡುತ್ತಾರೆ. ಗಿಡದವನಿಗೂ ಖುಷಿ, ನಿಮ್ಮ ಹಿಟ್ಟು ವಾಪಸು ಬಂತಲ್ಲಕ್ಕ ಎಂದು ಕಳೆದ ಸಲ ಎರಡು ಸಸಿ ಇಟ್ಟುಹೋಗಿದ್ದಾನೆ.

ಆಮೇಲೆ ಒಗೆದ ಬಟ್ಟೆಯೊಂದನ್ನು ಕೊಡವಿ ಕುರ್ಚಿಯ ಪಕ್ಕ ನಿಲ್ಲುತ್ತಾರೆ.

"ಬನ್ರೀ, ಕೂತ್ಕೊಳ್ಳಿ."

"ಗಿರಾಕಿ ಬಂದ್ರೆ?"

"ಬೆಂಚಿದೆ, ಕಾಯ್ತಾರೆ."

ಭಾವ ತಮ್ಮದೇ ಕುರ್ಚಿಯಲ್ಲಿ ಹೊಸಬರ ಹಾಗೆ ಅಂಚಿಗೆ ಕೂರುತ್ತಾರೆ. ಅಕ್ಕ ಕುತ್ತಿಗೆಗೆ ಬಟ್ಟೆ ಕಟ್ಟಿ, ಬಾಚಣಿಗೆಯಿಂದ ಪಕ್ಕದ ಕೂದಲು ಎತ್ತಿ ನೋಡುತ್ತಾರೆ. ಮೂರು ತಿಂಗಳ ಕೂದಲಿನಡಿಯಿಂದ ಬಿಳಿಚಿದ ಕಿವಿಯೊಂದು ಹೊರಬರುತ್ತದೆ.

"ಮುಚ್ಚಿದೆ. ನೂರೈವತ್ತು."

"ಮನೆಯವರಿಗೂನಾ?"

"ಬೋರ್ಡಲ್ಲಿ ಮನೆಯವರು ಬೇರೆ ಅಂತ ಎಲ್ಲಿ ಬರ್ದಿದೆ?"

ಕತ್ತರಿ ಶುರುವಾಗುತ್ತದೆ. ಅಕ್ಕನ ಕೈ ಭಾವನಷ್ಟು ಚುರುಕಲ್ಲ, ನಿಧಾನ. ಉದ್ದುದ್ದ ಎಳೆಗಳು ಬಟ್ಟೆಯ ಮೇಲೆ ಜಾರಿ ನೆಲಕ್ಕೆ ಬೀಳುತ್ತವೆ. ಮೂರು ತಿಂಗಳ ಮೇಲೆ ಇಂದು ಕನ್ನಡಿಯಲ್ಲಿ ಅವರಿಬ್ಬರ ನಡುವೆ ಬೇರೆಯವರ ತಲೆ ಇಲ್ಲ. ಆದರೂ ಇಬ್ಬರೂ ಕನ್ನಡಿಯನ್ನೇ ನೋಡುತ್ತಿದ್ದಾರೆ.

ಇನ್ನು ಮುಂದೆ ಏನಾಸೆ ಎಂದು ಕೇಳಿದರೆ ಅಕ್ಕ ಕತ್ತರಿ ನಿಲ್ಲಿಸದೆ ಯೋಚಿಸುತ್ತಾರೆ. ಇನ್ನೊಂದು ಕುರ್ಚಿ, ದೊಡ್ಡ ಅಂಗಡಿ, ಹೊಸ ಶಟರು, ಯಾವುದೂ ಬಾಯಿಗೆ ಬರುವುದಿಲ್ಲ.

"ಈ ಕನ್ನಡಿ ಇದ್ದಲ್ಲೇ ಇದ್ರೆ ಸಾಕು" ಎನ್ನುತ್ತಾರೆ. "ಇವರ ಮುಖ ನಾನು ಇದರಲ್ಲೇ ನೋಡಿ ಅಭ್ಯಾಸ. ನೇರವಾಗಿ ನೋಡಿದ್ರೆ ಬೈತಲೆ ಕನ್ನಡಿಯಲ್ಲಿರೋದಕ್ಕೆ ತಿರುಗಾಗಿ ಇನ್ನೊಂದು ಕಡೆಗೆ ಬಂದು, ಯಾರೋ ಬೇರೆಯವರು ಅನ್ಸುತ್ತೆ."